ಸವಣೂರ ಏಟು

ನಾನು ಒಂದು ನಟ್ಟು. ಕುರ್ಚಿಗೂ ಸೈಕಲ್ಲಿಗೂ ಹಾಕುವ ಬೆರಳುಗಾತ್ರದ ನಟ್ಟಲ್ಲ. ಅಗಲದಲ್ಲಿ ಜೋಳದ ರೊಟ್ಟಿಗಿಂತ ತುಸು ಚಿಕ್ಕವನು, ತೂಕದಲ್ಲಿ ಎತ್ತಿದವನ ಮಣಿಕಟ್ಟು ಸೋಲಿಸುವವನು. ನನ್ನ ಮೈಸುತ್ತ ಮೂರು ಕಿವಿಗಳಿವೆ. ಅವು ಸುತ್ತಿಗೆಯ ಏಟು ತಿನ್ನುವುದಕ್ಕೆ ಇಟ್ಟ ಕಿವಿಗಳು. ಪಾನಾ ಹಾಕಿ ಮೆಲ್ಲಗೆ ತಿರುಗಿಸುವ ಮರ್ಯಾದೆ ನಮ್ಮ ವಂಶಕ್ಕಿಲ್ಲ. ಬಿಗಿಮಾಡಬೇಕಾದರೂ ಹೊಡೆಯುತ್ತಾರೆ, ಬಿಚ್ಚಬೇಕಾದರೂ ಹೊಡೆಯುತ್ತಾರೆ. ಹಾಗಾಗಿ ನಾನು ಮೊದಲಿನಿಂದಲೂ ಸಿಟ್ಟಿನವನೇ. ಯಾರು ಹೊಡೆದರು, ಎಲ್ಲಿಗೆ ಹೊಡೆದರು, ಹೊಡೆಯುವಾಗ ಏನೆಂದು ಬೈದರು, ಒಂದನ್ನೂ ಮರೆತಿಲ್ಲ. ಮರೆಯುವ ಗುಣ ಇದ್ದಿದ್ದರೆ ಈ ಕಥೆ ಹೇಳುವ ಉಸಾಬರಿಯೂ ಬೇಕಿರಲಿಲ್ಲ.

ಹುಟ್ಟಿದ್ದು ಬೆಳಗಾವಿಯ ಒಂದು ಕಾರ್ಖಾನೆಯಲ್ಲಿ. ಕೆಂಡದಂತೆ ಕಾದ ಉಕ್ಕಿನ ತುಂಡನ್ನು ಅಚ್ಚಿನಲ್ಲಿಟ್ಟು ಮೇಲಿನಿಂದ ಧಡ್ ಎಂದು ಅಪ್ಪಳಿಸಿದರು, ನಾನಾದೆ. ಕೂಸು ಹುಟ್ಟಿ ಅಳುವುದಕ್ಕೂ ಮುಂಚೆ ಏಟು ತಿಂದಂತಾಯಿತು. ಆಮೇಲೆ ಎಣ್ಣೆಯಲ್ಲಿ ಮುಳುಗಿಸಿದರು, ಒಳಮೈಗೆ ಥ್ರೆಡ್ಡು ಕೊರೆದರು, ಎಷ್ಟು ಒತ್ತಡ ತಡೆಯಬಲ್ಲೆ ಎಂಬ ಗುರುತನ್ನು ಮೈಮೇಲೆ ಒತ್ತಿದರು, ಕೊನೆಗೆ ಕೆಂಪು ಬಣ್ಣ ಬಳಿದರು. ನಾನು ಹೋದ ಕಡೆ ಹೆಚ್ಚು ಒತ್ತಡ ತಡೆಯುವವರಿಗೆ ಕೆಂಪು, ಕಡಿಮೆ ತಡೆಯುವವರಿಗೆ ನೀಲಿ. ಈ ಬಣ್ಣದ ಮಾತು ನೆನಪಿರಲಿ. ಒಬ್ಬ ಮನುಷ್ಯನ ಕಾಲು ಹೋದದ್ದು ಇದರಿಂದಲೇ.

ನನ್ನನ್ನು ಕೊಂಡವರು ಗ್ಯಾಸಿನ ಬಾವಿಗಳ ಕೆಲಸ ಹಿಡಿಯುವ ಗುತ್ತಿಗೆ ಕಂಪನಿಯವರು. ಲಾರಿಯಲ್ಲಿ ಹಾಕಿಕೊಂಡು ಗೋದಾವರಿ ಸಮುದ್ರ ಸೇರುವ ಸೀಮೆಗೆ ಒಯ್ದರು. ಅಲ್ಲಿ ಮೇಲೆ ನೋಡಿದರೆ ಭತ್ತದ ಗದ್ದೆ, ತೆಂಗಿನ ಸಾಲು, ಕಾಲುವೆ. ಕೆಳಗೆ ಮೈಲುಗಟ್ಟಲೆ ಆಳದಲ್ಲಿ ಬೀಸುವ ಕಲ್ಲಿನಂಥ ಗಟ್ಟಿ ಮರಳುಗಲ್ಲು. ಆ ಕಲ್ಲಿನ ಹೊಟ್ಟೆಯಲ್ಲಿ ಗ್ಯಾಸಿದೆ, ಹೊರಗೆ ಬರಲು ದಾರಿ ಇಲ್ಲ. ಮೇಲಿನ ಭೂಮಿಯ ಭಾರವನ್ನೆಲ್ಲ ಹೊತ್ತು ಸಿಟ್ಟಿನಿಂದ ಕೂತಿರುತ್ತದೆ. ಅದರ ಮೇಲೆ ನನಗೆ ಮೊದಲಿನಿಂದಲೂ ಒಂದು ಬಗೆಯ ಪ್ರೀತಿ.

ಬರೀ ಬಾವಿ ಕೊರೆದರೆ ಆ ಗ್ಯಾಸು ಮಿಸುಕುವುದಿಲ್ಲ. ಅದಕ್ಕೇ ಲಾರಿಗಳ ಮೇಲೆ ಕೂರಿಸಿದ ಪಂಪುಗಳನ್ನು ಸಾಲಾಗಿ ನಿಲ್ಲಿಸುತ್ತಾರೆ. ನೀರಿಗೆ ಚವಳಿಕಾಯಿ ಬೀಜದ ಅಂಟು ಕಲಸಿ, ಗಂಜಿಯ ಹದಕ್ಕೆ ತಂದು, ಆಳದ ಕಲ್ಲು ಬಿರಿಯುವ ತನಕ ಬಾವಿಯೊಳಗೆ ನೂಕುತ್ತಾರೆ. ಬಿರಿದ ಮೇಲೆ ಅದೇ ಗಂಜಿಯ ಜೊತೆ ಸಾಸಿವೆಗಿಂತ ಸಣ್ಣ ಮಣಿಗಳನ್ನು ಕಳಿಸುತ್ತಾರೆ. ಸುಟ್ಟ ಮಣ್ಣಿನ ಮಣಿಗಳು, ಅಷ್ಟು ಆಳದಲ್ಲಿ ಸಾದಾ ಮರಳು ಪುಡಿಯಾಗಿಬಿಡುತ್ತದೆ. ಪಂಪು ನಿಂತಾಗ ಬಿರುಕು ಮತ್ತೆ ಮುಚ್ಚಿಕೊಳ್ಳಲು ನೋಡುತ್ತದೆ, ಮಣಿಗಳು ಬಿಡುವುದಿಲ್ಲ. ಆ ಸಂದಿಯಿಂದ ಗ್ಯಾಸು ಮೇಲಕ್ಕೆ ಬರುತ್ತದೆ.

ಪಂಪಿನಿಂದ ಬಾವಿಯ ತನಕ ಉಕ್ಕಿನ ಪೈಪುಗಳ ಸಾಲು ಹಾಸಿರುತ್ತದೆ. ಅದಕ್ಕೆ ಲೈನು ಎನ್ನುತ್ತಾರೆ. ಒಂದು ಪೈಪಿನ ಕೊನೆಗೆ ಇನ್ನೊಂದನ್ನು ಹಿಡಿದು ನಿಲ್ಲಿಸುವವನು ನಾನು. ಒಳಗೆ ಹರಿಯುವ ಒತ್ತಡ ಎಂಥದೆಂದರೆ, ಕೂದಲೆಳೆಯಷ್ಟು ಸೋರಿದರೂ ಆ ನೀರು ಕೈ ಸೀಳಬಲ್ಲದು. ಅದಕ್ಕೇ ಪಂಪು ಶುರುವಾದ ಮೇಲೆ ಲೈನಿನ ಸುತ್ತ ಹಗ್ಗ ಕಟ್ಟುತ್ತಾರೆ. ಹಗ್ಗದ ಒಳಗೆ ನರಪಿಳ್ಳೆ ಕಾಲಿಡಬಾರದು. ಎಲ್ಲಾದರೂ ಸೋರಿದರೆ ಪಂಪು ನಿಲ್ಲಿಸಿ, ಒತ್ತಡವನ್ನೆಲ್ಲ ಬಿಟ್ಟು, ಆಮೇಲೆ ಒಳಗೆ ಹೋಗಿ ಹೊಡೆದು ಬಿಗಿಮಾಡಬೇಕು. ಒತ್ತಡ ಇರುವ ಲೈನಿಗೆ ಸುತ್ತಿಗೆ ತಾಗಿಸುವುದು ಈ ಕಸುಬಿನಲ್ಲಿ ಮಹಾಪಾಪ.

ನನಗೆ ಹೊಡೆಯುವ ಕೆಲಸ ದುಂಡಪ್ಪನದು. ಗೋಕಾಕದ ಕಡೆಯ ಮನುಷ್ಯ, ಗಿಡ್ಡ ಆಳು, ಅಗಲ ಭುಜ. ಉಳಿದವರು ಹೆಂಡತಿಯ ಮೇಲಿನ ಸಿಟ್ಟು, ಮೇಸ್ತ್ರಿಯ ಮೇಲಿನ ಸಿಟ್ಟು ಎಲ್ಲವನ್ನೂ ನನ್ನ ಕಿವಿಗಳ ಮೇಲೆ ತೀರಿಸಿಕೊಳ್ಳುತ್ತಿದ್ದರು. ದುಂಡಪ್ಪ ಹಾಗಲ್ಲ. ಮೊದಲು ಸುತ್ತಿಗೆಯನ್ನು ಕಿವಿಗೆ ಮೆಲ್ಲಗೆ ತಾಗಿಸಿ ಅಳತೆ ನೋಡಿಕೊಳ್ಳುತ್ತಿದ್ದ. "ತಡಿಯಪ್ಪಾ, ಮುಗೀತಿನ್ನ" ಎಂದು ನನಗೇ ಹೇಳುತ್ತಿದ್ದ. ಏಟು ನೇರವಾಗಿ ಕಿವಿಯ ನಡುವಿಗೆ ಬೀಳುತ್ತಿತ್ತು, ಒಂದು ದಿನವೂ ಅಂಚಿಗೆ ಬೀಳಲಿಲ್ಲ. ಬಿಗಿಯಾದ ಮೇಲೆ ನನ್ನ ಮೈಯಿಂದ ಪೈಪಿನ ತನಕ ಸೀಮೆಸುಣ್ಣದಿಂದ ಒಂದು ಗೆರೆ ಎಳೆಯುತ್ತಿದ್ದ. ನಾನು ಎಳ್ಳಷ್ಟು ಸಡಿಲಾದರೂ ಆ ಗೆರೆ ತುಂಡಾಗಿ ಕಾಣುತ್ತದೆ. ಹೊಡೆಯುವವರನ್ನೆಲ್ಲ ದ್ವೇಷಿಸುತ್ತಿದ್ದ ನಾನು ಇವನೊಬ್ಬನನ್ನು ಲೆಕ್ಕದಿಂದ ಬಿಟ್ಟಿದ್ದೆ.

ಅವನ ಜೋಡಿ ಭೀಮಶಿ, ಅದೇ ಊರಿನವನು. ಪೈಪು ಎತ್ತಿಕೊಡುವುದು, ನನ್ನೊಳಗೆ ರಬ್ಬರಿನ ಉಂಗುರ ಕೂರಿಸುವುದು ಅವನ ಕೆಲಸ. ಸೋರದಂತೆ ತಡೆಯುವುದು ಆ ಉಂಗುರವೇ. ಇಬ್ಬರೂ ಒಂದೇ ಕೋಣೆಯಲ್ಲಿ ಇರುತ್ತಿದ್ದರು, ಊರಿನಿಂದ ಬಂದ ಶೇಂಗಾಚಟ್ನಿಯನ್ನು ಹಂಚಿಕೊಂಡು ತಿನ್ನುತ್ತಿದ್ದರು. ಭೀಮಶಿಯ ಬಾಯಿ ಮಾತ್ರ ಸುಮ್ಮನಿರುತ್ತಿರಲಿಲ್ಲ. ಬಾಯಿ ಮುಚ್ಚಬೇಕಾದ ಕಡೆ ತೆರೆಯುತ್ತಿದ್ದ, ತೆರೆಯಬೇಕಾದ ಕಡೆ ಮುಚ್ಚಿದ. ಅದನ್ನು ಮುಂದೆ ಹೇಳುತ್ತೇನೆ.

ಇವರೆಲ್ಲರ ಮೇಲೆ ಸವಣೂರ ಸಾಹೇಬ. ನಮ್ಮ ಯಾರ್ಡಿನ ಮ್ಯಾನೇಜರು. ನಾನು ನೆಲದಲ್ಲಿ ಬಿದ್ದಿರುವವನು, ಮನುಷ್ಯರನ್ನು ಕೆಳಗಿನಿಂದ ನೋಡಿ ಬಲ್ಲವನು. ಈ ಸಾಹೇಬನನ್ನು ಕೆಳಗಿನಿಂದ ನೋಡಿದರೆ ಮೊದಲು ಹೊಟ್ಟೆ, ಅದರಾಚೆ ಮೊಬೈಲು, ಅದರ ಹಿಂದೆ ಎಲ್ಲೋ ಮುಖ. ಪಂಪು ನಡೆಯುವಾಗ ಏಸಿ ಹಾಕಿದ ಕಂಟ್ರೋಲ್ ವ್ಯಾನಿನಲ್ಲಿ ಕೂತು ವಾಕಿಟಾಕಿಯಲ್ಲಿ ಮಾತಾಡುತ್ತಿದ್ದ.

ಆ ವರ್ಷ ಖಂಡೇನವಮಿಗೆ ಹೈದರಾಬಾದಿನಿಂದ ಕಂಪನಿಯ ದೊಡ್ಡವರು ಬರುವವರಿದ್ದರು. ಖಂಡೇನವಮಿ ಎಂದರೆ ನಮ್ಮಂಥವರ ಹಬ್ಬ. ವರ್ಷವೆಲ್ಲ ಹೊಡೆದವರು ಆ ಒಂದು ದಿನ ಕುಂಕುಮ ಹಚ್ಚಿ ಕೈ ಮುಗಿಯುತ್ತಾರೆ. ಸವಣೂರನಿಗೆ ಅಷ್ಟು ಸಾಲಲಿಲ್ಲ. "ಯಾರ್ಡಿನಾಗಿನ ಕಬ್ಬಿಣಕ್ಕೆಲ್ಲ ಕೆಂಪು ಬಣ್ಣ ಹೊಡಿಸ್ರಿ. ದೊಡ್ಡವರು ಗೇಟಿನಾಗ ನಿಂತು ನೋಡಿದರ ಕುಂಕುಮದ ಗುಡ್ಡ ಕಂಡಂಗ ಕಾಣಬೇಕು" ಎಂದ.

ದುಂಡಪ್ಪ ತಲೆ ಕೆರೆದುಕೊಂಡ. "ಸಾಹೇಬ್ರ, ನೀಲಿ ತುಣುಕಿಗೂ ಕೆಂಪು ಹೊಡದ್ರ ಆಮ್ಯಾಲ ಯಾವುದು ಯಾವುದು ಅಂತ ಹೆಂಗ ತಿಳೀತೈತ್ರಿ?"

"ಹಬ್ಬ ಮುಗಿದ ಮ್ಯಾಲ ಬ್ಯಾರೆ ಮಾಡಿಸೋಣಂತ. ನೀ ಈಗ ಹೂವಿನ ಹಾರ ತರಾಕ ಹೋಗು" ಎಂದ ಸವಣೂರ.

ಬಣ್ಣ ಬಿತ್ತು. ನನ್ನ ಮೈಮೇಲೆ ಒತ್ತಿದ್ದ ಗುರುತು ಬಣ್ಣದಲ್ಲಿ ತುಂಬಿಹೋಯಿತು. ನೀಲಿಯವರೂ ಕೆಂಪಾದರು. ದೊಡ್ಡವರು ಬಂದರು, ಕಾಯಿ ಒಡೆಯಿತು, ಫೋಟೋ ತೆಗೆದರು, ಪೇಡೆ ತಿಂದು ಹೋದರು. ಹಬ್ಬ ಮುಗಿಯುವಷ್ಟರಲ್ಲಿ ಹೊಸ ಬಾವಿಯ ಕೆಲಸ ಬಂತು. ಬಣ್ಣ ಬೇರೆ ಮಾಡಿಸುವ ಮಾತನ್ನು ಸವಣೂರ ಮತ್ತೆ ಎತ್ತಲಿಲ್ಲ. ದುಂಡಪ್ಪ ಎರಡು ಸಲ ಎತ್ತಿದ, ಬೈಸಿಕೊಂಡ.

ಆ ಹೊಸ ಬಾವಿಯಲ್ಲಿ ನನ್ನನ್ನು ಒಂದು ಪೈಪಿಗೆ ಜೋಡಿಸಿದರು. ತಿರುಗಿಸುವಾಗಲೇ ನನಗೆ ಗೊತ್ತಾಯಿತು: ಇದು ನನ್ನ ಜೋಡಿಯಲ್ಲ. ಬಣ್ಣದ ಕೆಳಗೆ ನೀಲಿ ಇದ್ದ ಬಡಪಾಯಿ, ನೀರಿನ ಟ್ಯಾಂಕಿನ ಹತ್ತಿರ ಇರಬೇಕಾದದ್ದು. ಅದರ ಥ್ರೆಡ್ಡು ನನ್ನದಕ್ಕಿಂತ ಒಂದು ಕೂದಲು ಸಣ್ಣ. ಹೊರಗಿನಿಂದ ನೋಡಿದರೆ ಕೂತಂತೆಯೇ ಕಾಣುತ್ತದೆ. ಸುತ್ತಿಗೆಗೂ ಬಿಗಿಯಾದಂತೆಯೇ ಕೇಳಿಸುತ್ತದೆ. ಒಳಗೆ ಮಾತ್ರ ನಾನು ಉಗುರಿನ ತುದಿಯಲ್ಲಿ ಹಿಡಿದುಕೊಂಡಿದ್ದೆ. ಕೆಲಸಕ್ಕೆ ಮುಂಚೆ ಲೈನನ್ನು ಪೂರ್ತಿ ಒತ್ತಡಕ್ಕೆ ಏರಿಸಿ ನೋಡುವ ಪದ್ಧತಿ ಇದೆ. "ಹೋದ ಬಾವಿಯಾಗ ನೋಡೇವಲ್ಲ, ಅದೇ ಲೈನು" ಎಂದು ಸವಣೂರ ಅದನ್ನೂ ಅರ್ಧಕ್ಕೆ ಮುಗಿಸಿದ. ಕಿರುಚಲು ಬಾಯಿದ್ದಿದ್ದರೆ ಯಾರ್ಡು ಒಡೆಯುವಂತೆ ಕಿರುಚುತ್ತಿದ್ದೆ.

ಪಂಪು ಶುರುವಾಯಿತು. ಕಲ್ಲು ಬಿರಿಯಿತು. ಮಣಿ ಇಳಿಯತೊಡಗಿದಾಗ ನನ್ನ ಸಂದಿಯಿಂದ ಹನಿ ಬಿತ್ತು. ದುಂಡಪ್ಪ ಹಗ್ಗದ ಆಚೆಯಿಂದ ಕಂಡು ವಾಕಿಟಾಕಿಯಲ್ಲಿ ಹೇಳಿದ: "ಸಾಹೇಬ್ರ, ಒಂದ್ ಕಡೆ ಸೋರಾಕತ್ತೈತ್ರಿ. ಬಂದ್ ಮಾಡ್ರಿ."

"ಈಗ ಬಂದ್ ಮಾಡಿದರ ಮಣಿ ಬಾವಿಯಾಗ ಸಿಕ್ಕೊಂತಾವು, ಬಾವಿ ಕಟ್ಟಿ ಹೋಗ್ತದ. ಸಣ್ಣ ಹನಿ ಅದು. ಹೋಗಿ ಒಂದು ಏಟು ಹಾಕಿ ಬಾ."

ದುಂಡಪ್ಪ ಹಗ್ಗ ದಾಟಲಿಲ್ಲ. ವಾಕಿಟಾಕಿ ಮತ್ತೆ ಕೂಗಿತು: "ಕೇಳಸ್ತಿಲ್ಲೇನೋ? ಹೋಗ್ತೀಯೋ, ಊರಿಗೆ ಬಸ್ಸು ಹತ್ತಿಸಲೋ?" ಇದನ್ನು ಅಲ್ಲಿದ್ದ ಎಲ್ಲರೂ ಕೇಳಿದರು. ಎಲ್ಲರ ಸೊಂಟದಲ್ಲೂ ವಾಕಿಟಾಕಿ ಇತ್ತು. ಭೀಮಶಿ ಪಕ್ಕದಲ್ಲೇ ನಿಂತಿದ್ದ.

ದುಂಡಪ್ಪ ಹಗ್ಗ ದಾಟಿ ಬಂದ. ಯಾವತ್ತಿನಂತೆ ಸುತ್ತಿಗೆ ತಾಗಿಸಿ ಅಳತೆ ನೋಡಿದ. "ತಡಿಯಪ್ಪಾ" ಎಂದ. ತಡೆಯಲು ನನ್ನ ಕೈಯಲ್ಲಿ ಏನಿತ್ತು? ಏಟು ಬೀಳುತ್ತಲೇ ಆ ಸಣ್ಣ ಥ್ರೆಡ್ಡು ನನ್ನಿಂದ ಜಾರಿತು. ಪೈಪಿನ ಸಮೇತ ನಾನು ಹಾರಿದೆ. ಅವನ ಬಲಗಾಲನ್ನು ಮೊಣಕಾಲಿನ ಕೆಳಗೆ ಮುರಿದು, ಅದರಾಚೆ ಕೆಸರಿನಲ್ಲಿ ಹೋಗಿ ಬಿದ್ದೆ. ಆಸ್ಪತ್ರೆಯಲ್ಲಿ ಆ ಕಾಲನ್ನು ತೆಗೆದರಂತೆ.

ನನಗೆ ಹೊಡೆದವರು ನೂರಾರು ಜನ. ನಾನು ಹೊಡೆದದ್ದು ಒಬ್ಬನಿಗೆ, ಅದೂ ಲೆಕ್ಕದಿಂದ ಬಿಟ್ಟಿದ್ದವನಿಗೆ. ಇದನ್ನು ನನ್ನ ಕೈಯಿಂದ ಮಾಡಿಸಿದವನು ವ್ಯಾನಿನ ಬಾಗಿಲು ತೆರೆದು ಮೆಲ್ಲಗೆ ಇಳಿದು ಬಂದ. ಕೆಸರಿನಲ್ಲಿ ಬಿದ್ದುಕೊಂಡು ಅವನನ್ನು ನೋಡಿದೆ. ಒಂದು ದಿನ ನಿನ್ನನ್ನು ಬಿಡುವುದಿಲ್ಲ ಎಂದು ಅವತ್ತೇ ಅಂದುಕೊಂಡೆ.

ಸವಣೂರ ಬಂದು ಮೊದಲು ಮಾಡಿದ ಕೆಲಸ ಆ ಸಣ್ಣ ಥ್ರೆಡ್ಡಿನ ಪೈಪನ್ನು ಕಾಲುವೆಗೆ ಎಸೆಸಿದ್ದು. ಎರಡನೆಯದು, ಒಂದೇ ವಾರದಲ್ಲಿ ಎಲ್ಲ ಕಬ್ಬಿಣದ ಬಣ್ಣ ಕೆರೆಸಿ ಕೆಂಪು ಬೇರೆ, ನೀಲಿ ಬೇರೆ ಮಾಡಿಸಿದ್ದು. ದುಂಡಪ್ಪ ಎರಡು ಸಲ ಕೇಳಿದಾಗ ಆಗದ ಕೆಲಸ ಈಗ ಆಯಿತು. ಮೂರನೆಯದು ಎಲ್ಲಕ್ಕಿಂತ ಹೊಲಸು. "ಅವನು ಮೊದಲೇ ಸರಿಯಾಗಿ ಬಡಿದಿಲ್ಲ. ಆಮೇಲೆ ತನ್ನ ತಪ್ಪು ಮುಚ್ಚಾಕ ಯಾರನ್ನೂ ಕೇಳದ ಹಗ್ಗ ದಾಟಿ ಹೋದ" ಎಂದು ಎಲ್ಲ ಕಡೆ ಹೇಳಿಕೊಂಡು ಬಂದ.

ಭೀಮಶಿ ಇದನ್ನೆಲ್ಲ ನೋಡಿದ, ಕೇಳಿದ, ಬಾಯಿ ಬಿಡಲಿಲ್ಲ. ಪೈಪು ಕಾಲುವೆಗೆ ಬಿದ್ದ ಸದ್ದು ಕೇಳಿದರೂ ನೆಲ ನೋಡುತ್ತ ನಿಂತ. ಒಂದೇ ಡಬ್ಬಿಯ ಚಟ್ನಿ ತಿಂದವನು! ಸವಣೂರನ ಮೇಲೆ ನನಗಿದ್ದದ್ದು ಸೇಡು, ಭೀಮಶಿಯ ಮೇಲೆ ಇದ್ದದ್ದು ಹೇಸಿಗೆ. ನನ್ನ ಮೈಮೇಲಿನ ರಕ್ತವನ್ನು ಡೀಸೆಲ್ಲಿನಿಂದ ತೊಳೆದವನೂ ಅವನೇ. ತೊಳೆಯುವಾಗ ಅತ್ತ. ಅವನ ಅಳು ಯಾರಿಗೆ ಬೇಕಿತ್ತು? ಕಿವಿ ಮುರಿದಿಲ್ಲ, ಥ್ರೆಡ್ಡು ಹಾಳಾಗಿಲ್ಲ ಎಂದು ನನ್ನನ್ನು ಮತ್ತೆ ಲೈನಿಗೆ ಸೇರಿಸಿದರು.

ಕೆಲವು ತಿಂಗಳಾದ ಮೇಲೆ, ಬಾವಿಯ ಒಡೆತನವಿದ್ದ ದೊಡ್ಡ ಕಂಪನಿಯಿಂದ ವಿಚಾರಣೆಗೆ ಸುರಕ್ಷಾ ಅಧಿಕಾರಿ ಬಂದರು. ಪದ್ಮಾಕ್ಷಿ ಮೇಡಂ, ಬಳ್ಳಾರಿ ಕಡೆಯವರು. ದುಂಡಪ್ಪನನ್ನೂ ಕರೆಸಿದ್ದರು. ಎರಡೂ ಕಂಕುಳಿಗೆ ಊರುಗೋಲು ಕೊಟ್ಟುಕೊಂಡು, ಒಂದು ಪ್ಯಾಂಟಿನ ತುದಿ ಮಡಚಿ ಪಿನ್ನು ಹಾಕಿಕೊಂಡು ಬಂದ. ಅಗಲ ಭುಜ ಇಳಿದುಹೋಗಿತ್ತು. ಅವನನ್ನು ನನ್ನ ಹತ್ತಿರದ ಕುರ್ಚಿಯಲ್ಲಿ ಕೂರಿಸಿದರು. ಮೇಡಂ ಬರುವ ಮುಂಚೆ ಸವಣೂರ ಅವನ ಕಿವಿಯ ಬಳಿ ಬಗ್ಗಿದ.

"ಹೇಳಿದ್ದು ನೆನಪೈತಲ್ಲ? ತಪ್ಪು ನಂದ ಅಂತ ನಿನ್ನ ಬಾಯಿಂದನ ಹೇಳಬೇಕು. ಹೇಳಿದಿ ಅಂದ್ರ ಗೇಟು ಕಾಯೋ ಕೆಲಸ ಕಾಯಂ. ಇಲ್ಲಾಂದ್ರ ಕುಂಟಗಾಲಿನವಗ ಯಾರ ಕೆಲಸ ಕೊಡ್ತಾರ?"

ಸವಣೂರ ಆಚೆ ಹೋದ ಮೇಲೆ ಭೀಮಶಿ ಹತ್ತಿರ ಬಂದ. ದುಂಡಪ್ಪ ಅವನ ಮುಖ ನೋಡಲಿಲ್ಲ. "ಹೇಳ್ತೀನಿ ಬಿಡು. ಮನ್ಯಾಗ ಮೂರು ಹೊಟ್ಟಿ ಅದಾವು. ಆದ್ರ ಒಂದ್ ಮಾತು, ಭೀಮಶಿ. ಕಾಲು ಹೋಗಿದ್ದಕ್ಕ ನಾ ಅತ್ತಿಲ್ಲ. ಬಡಿಯಾಕ ಬರ್ತಿರಲಿಲ್ಲ ಅಂತ ನನ್ನ ಬಾಯಿಂದ ನಾನ ಹೇಳಬೇಕಲ್ಲ, ಅದಕ್ಕ ಅಳು ಬರ್ತೈತಿ" ಎಂದ.

ಭೀಮಶಿ ಸುತ್ತಿಗೆ ಎತ್ತಿಕೊಂಡ. ಲೈನು ಜೋಡಿಸಲು ಬಂದ. ನನ್ನೊಳಗಿದ್ದ ಹೊಸ ರಬ್ಬರಿನ ಉಂಗುರ ತೆಗೆದು ಜೇಬಿಗಿಳಿಸಿ, ಅಂಚು ಹರಿದ ಹಳೆಯ ಉಂಗುರವೊಂದನ್ನು ಕೂರಿಸಿದ. ಮೊದಲು ನನಗೆ ಇವನ ಬೇಜವಾಬ್ದಾರಿಗೆ ಮೈ ಉರಿಯಿತು. ಆಮೇಲೆ ಅವನು ಯಾವತ್ತೂ ಮಾಡದ ಕೆಲಸ ಮಾಡಿದ. ಸುತ್ತಿಗೆಯನ್ನು ನನ್ನ ಕಿವಿಗೆ ಮೆಲ್ಲಗೆ ತಾಗಿಸಿ ಅಳತೆ ನೋಡಿ, "ಇವತ್ತ ಒಂದ್ ಹನಿ ಬಿಡಪಾ" ಎಂದ. ಆಗ ತಿಳಿಯಿತು. ನನ್ನ ಹೇಸಿಗೆ ಅಲ್ಲಿಗೆ ಅರ್ಧ ಇಳಿಯಿತು.

ಸವಣೂರನ ಯೋಜನೆ ಹೀಗಿತ್ತು: ಲೈನಿಗೆ ಬರೀ ನೀರು ತುಂಬಿ, ಬಾವಿಗೆ ಬಿಡದೆ, ಒತ್ತಡ ಏರಿಸಿ ಮೇಡಮ್ಮಿಗೆ ತೋರಿಸುವುದು. ಅದೇ ಲೈನು, ಅದೇ ನಟ್ಟು, ಸರಿಯಾಗಿ ಬಡಿದರೆ ಹೇಗೆ ಗಟ್ಟಿಯಾಗಿ ನಿಲ್ಲುತ್ತದೆ ನೋಡಿ ಎನ್ನುವುದು. ಎಲ್ಲರೂ ಹಗ್ಗದ ಆಚೆ ನಿಂತರು, ದುಂಡಪ್ಪನ ಕುರ್ಚಿಯನ್ನೂ ಆಚೆ ಒಯ್ದರು. ಪಂಪು ಗುಡುಗಿತು. ಒತ್ತಡ ಏರಿತು.

ನನಗೆ ಹಾರುವ ಆಸೆ ಇತ್ತು. ಸವಣೂರ ಹಗ್ಗ ದಾಟಿ ಬರಲಿ, ಅವನ ಎರಡು ಮೊಣಕಾಲನ್ನೂ ಒಂದೇ ಸಲ ತೆಗೆಯುತ್ತೇನೆ ಎಂದು ತಿಂಗಳುಗಟ್ಟಲೆ ಕನಸು ಕಂಡಿದ್ದೆ. ಆದರೆ ಈಗ ನನಗೆ ಸಿಕ್ಕಿದ್ದು ಸರಿಯಾದ ಜೋಡಿ, ಕಚ್ಚಿ ಹಿಡಿದಿತ್ತು. ಹಾರಲು ಬರುತ್ತಿರಲಿಲ್ಲ. ಸೋರಲು ಬರುತ್ತಿತ್ತು. ಹರಿದ ಉಂಗುರದ ಸಂದಿಯಿಂದ ನನ್ನ ಸಿಟ್ಟನ್ನೆಲ್ಲ ಒಂದು ಹನಿಯಾಗಿ ಬಿಟ್ಟೆ. ಅದರ ಹಿಂದೆ ಇನ್ನೊಂದು ಬಿತ್ತು. ಆಮೇಲೆ ಸಾಲಾಗಿ ಬಿದ್ದವು.

"ಅಲ್ಲಿ ಸೋರ್ತಾ ಇದೆ" ಎಂದರು ಪದ್ಮಾಕ್ಷಿ ಮೇಡಂ.

ಭೀಮಶಿ ಸುತ್ತಿಗೆ ಹಿಡಿದು ಮುಂದೆ ಬಂದ. ನನ್ನ ಕಡೆ ಬರಲಿಲ್ಲ. ನೇರವಾಗಿ ಸವಣೂರನ ಮುಂದೆ ಹೋಗಿ, ಹಿಡಿಕೆಯನ್ನು ಅವನ ಕಡೆ ಮಾಡಿ ಸುತ್ತಿಗೆ ಚಾಚಿದ.

"ಸಾಹೇಬ್ರ, ಸಣ್ಣ ಹನಿ ಐತ್ರಿ. ಹೋಗಿ ಒಂದ್ ಏಟು ಹಾಕಿ ಬರ್ರಿ."

ಸವಣೂರ ಹಾವು ಕಂಡವನಂತೆ ಸುತ್ತಿಗೆಯಿಂದ ಹಿಂದಕ್ಕೆ ಸರಿದ. "ತಲಿ ಕೆಟ್ಟೈತೇನೋ ನಿಂಗ? ಪ್ರೆಷರ್ ಇದ್ದಾಗ ಯಾವನಾದರೂ ಹೊಡೀತಾನೇನು? ನಾನೇನು ಸಾಯಬೇಕೇನು?"

ಆಡಿದ ಮಾತು ಅವನ ಕಿವಿಗೇ ತಡವಾಗಿ ಬಿತ್ತು. ಮುಖ ಬಿಳಿಚಿತು.

ಪದ್ಮಾಕ್ಷಿ ಮೇಡಂ ಕೈ ಎತ್ತಿ ಪಂಪು ನಿಲ್ಲಿಸಿದರು. ಒತ್ತಡವನ್ನೆಲ್ಲ ಬಿಡಿಸಿದರು. ಆಮೇಲೆ ಮೆಲ್ಲಗೆ ಕೇಳಿದರು: "ಸಾಯ್ತೀವಿ ಅಂತ ನಿಮಗೆ ಗೊತ್ತಿದೆ. ದುಂಡಪ್ಪನವರಿಗೂ ಗೊತ್ತಿತ್ತು. ಹಾಗಾದ್ರೆ ಅವರನ್ನ ಒಳಗೆ ಕಳಿಸಿದ್ದು ಯಾರು?"

"ಇವರ ನೋಡ್ರಿ" ಎಂದ ಭೀಮಶಿ. "ವಾಕಿಟಾಕಿನ್ಯಾಗ ಹೇಳಿದ್ರು. ಹೋಗ್ತೀಯೋ ಬಸ್ಸು ಹತ್ತಿಸಲೋ ಅಂದ್ರು. ನನ್ನ ಕಿವೀಲೆ ಕೇಳೀನಿ. ಇಷ್ಟ ದಿನ ಹೇಳಲಿಲ್ಲ, ನನ್ನ ಬಾಯಾಗ ಮಣ್ಣು ಬೀಳ್ಲಿ." ಅವನ ಹಿಂದಿನಿಂದ ಪಂಪಿನ ಡ್ರೈವರು "ನಾನೂ ಕೇಳೀನ್ರಿ" ಎಂದ. ಕ್ರೇನಿನವನು "ನಾನೂ ರೀ" ಎಂದ. ಒಬ್ಬ ಬಾಯಿಬಿಟ್ಟ ಮೇಲೆ ಎಲ್ಲರಿಗೂ ನಾಲಿಗೆ ಬಂತು. ಬಣ್ಣದ ಮಾತು ಬಂತು, ಕಾಲುವೆಯ ಮಾತು ಬಂತು. ಆ ಪೈಪು ಬಿದ್ದ ಜಾಗ ತೋರಿಸಲು ಮೂರು ಜನ ಮುಂದಾದರು. ಸವಣೂರ ಯಾರ ಮುಖ ನೋಡಿದರೂ ಆ ಮುಖ ಅವನನ್ನೇ ನೋಡುತ್ತಿತ್ತು. ಆ ಹೊತ್ತು ನನಗಾದ ಸಂತೋಷವನ್ನು ಮುಚ್ಚಿಡುವುದಿಲ್ಲ. ಹೊಟ್ಟೆ ತುಂಬ ಉಂಡಂತಾಯಿತು.

ಸವಣೂರನ ಕೆಲಸ ಹೋಯಿತು. ದುಂಡಪ್ಪ ಆಡಬೇಕಿದ್ದ ಮಾತನ್ನು ಆಡಲಿಲ್ಲ. ಅವನಿಗೆ ಪರಿಹಾರದ ಜೊತೆ ಯಾರ್ಡಿನಲ್ಲಿ ಲೈನಿನ ತುಣುಕುಗಳನ್ನು ಪರೀಕ್ಷಿಸಿ ಕಳಿಸುವ ಕೆಲಸ ಸಿಕ್ಕಿತು. ಒಂದು ಮಧ್ಯಾಹ್ನ ಭೀಮಶಿ ಅವನನ್ನು ಕೇಳಿದ: "ಸಮಾಧಾನ ಆತೇನೋ?"

"ಅವನ ಮ್ಯಾಲ ಈಗ ಸಿಟ್ಟಿಲ್ಲಪಾ. ಹೋಗಲಿ ಬಿಡು. ಅವಗೂ ಹೆಂಡರು ಮಕ್ಕಳು ಅದಾರು" ಎಂದ ದುಂಡಪ್ಪ.

ದುಂಡಪ್ಪ ದೊಡ್ಡ ಮನುಷ್ಯ, ಬಿಟ್ಟ. ನಾನು ಉಕ್ಕು, ಬಿಡಲಿಲ್ಲ. ಸವಣೂರ ಇನ್ಯಾವುದೋ ಕಂಪನಿಯಲ್ಲಿ ಇನ್ಯಾವುದೋ ಕುರ್ಚಿಗೆ ಸೇರಿಕೊಂಡನೆಂದು ಕೇಳಿದಾಗ ನನ್ನ ಹೊಟ್ಟೆ ಮತ್ತೆ ಹಸಿಯಿತು. ಒಂದು ದಿನದ ಅವಮಾನಕ್ಕೆ ಒಂದು ಕಾಲು ಸಮವೇ?

ವರ್ಷಗಳು ಹೋದವು. ಏಟು ತಿಂದು ತಿಂದು ನನ್ನ ಕಿವಿಗಳು ಚಪ್ಪಟೆಯಾದವು, ಥ್ರೆಡ್ಡು ಸವೆಯಿತು. ಒಂದು ದಿನ ದುಂಡಪ್ಪ ನನ್ನನ್ನು ತೊಡೆಯ ಮೇಲಿಟ್ಟುಕೊಂಡು ಒಳಮೈಯಲ್ಲಿ ಬೆರಳಾಡಿಸಿದ. "ನಿಂದೂ ಆತಪಾ. ಸಾಕಿನ್ನ ಹೊಡಿಸ್ಕೊಂಡಿದ್ದು" ಎಂದು, ಅಡ್ಡಲಾಗಿ ಬಿಳಿ ಬಣ್ಣದ ಗೀಟು ಎಳೆದು ಗುಜರಿಗೆ ಹಾಕಿದ. ಅವನ ಕೈಯಿಂದಲೇ ನಿವೃತ್ತಿಯಾದದ್ದು ನನ್ನ ಪುಣ್ಯ.

ಈಗ ರಾಜಮಂಡ್ರಿಯ ಹೊರಗೆ ಒಂದು ಗುಜರಿ ಅಂಗಳದಲ್ಲಿದ್ದೇನೆ. ಮೇಲೊಂದು ಮುರಿದ ಟ್ರ್ಯಾಕ್ಟರಿನ ಚಕ್ರ, ಕೆಳಗೆ ಯಾರದೋ ಮನೆಯ ಕಿಟಕಿಯ ಸರಳುಗಳು. ತುಕ್ಕು ಹಿಡಿಯುತ್ತಿದೆ. ಮಳೆ ಬಂದರೆ ಒಳಗೆ ನೀರು ನಿಲ್ಲುತ್ತದೆ, ಗುಬ್ಬಿಗಳು ಕುಡಿಯುತ್ತವೆ. ಅವುಗಳ ಮೇಲೆ ನನಗೆ ಸಿಟ್ಟಿಲ್ಲ.

ಮೊನ್ನೆ ಗ್ಯಾಸಿನ ಕೆಲಸದ ಲಾರಿಯೊಂದು ಹಳೆಯ ಕಬ್ಬಿಣ ಇಳಿಸಲು ಬಂದಿತ್ತು. ಬೇರೆ ಕಂಪನಿಯ ಲಾರಿ. ಕೆಲಸದವರು ಯಾರೂ ಗೊತ್ತಿದ್ದವರಲ್ಲ, ದುಂಡಪ್ಪನನ್ನಾಗಲಿ ಸವಣೂರನನ್ನಾಗಲಿ ಕಂಡವರಲ್ಲ. ಒಬ್ಬ ಲಾರಿಯ ಗಾಳಿಯ ಟ್ಯಾಂಕಿನ ನಟ್ಟು ಸೋರುತ್ತಿದೆಯೆಂದು ಗಾಳಿ ಬಿಡದೆಯೇ ಸುತ್ತಿಗೆ ಎತ್ತಿದ. ಇನ್ನೊಬ್ಬ ಅವನ ರಟ್ಟೆ ಹಿಡಿದು ನಿಲ್ಲಿಸಿದ.

"ಏ ಮಬ್ಬ, ಸವಣೂರ ಏಟು ಹಾಕಬ್ಯಾಡ!"

"ಹಂಗಂದ್ರ?"

"ಒತ್ತಡ ಇದ್ದಾಗ ಹೊಡಿಯೂದಕ್ಕ ಹಂಗಂತಾರೋ. ಸವಣೂರ ಅಂತ ಒಬ್ಬ ಹೇಡಿ ಇದ್ದನಂತ. ತಾನು ಹೋಗಾಕ ಹೆದರಿ ಬ್ಯಾರೆಯವರನ್ನ ಸಾಯಾಕ ಕಳಿಸ್ತಿದ್ದನಂತ."

ಇಬ್ಬರೂ ನಕ್ಕರು. ಗಾಳಿ ಬಿಟ್ಟು, ಆಮೇಲೆ ಹೊಡೆದು, ಲಾರಿ ಹತ್ತಿ ಹೋದರು. ಸವಣೂರ ಎಲ್ಲಿದ್ದಾನೋ ನನಗೆ ಗೊತ್ತಿಲ್ಲ. ಯಾವ ಯಾರ್ಡಿಗೆ ಹೋದರೂ ಅವನಿಗಿಂತ ಮೊದಲು ಅವನ ಹೆಸರು ಹೋಗಿ ಗೇಟಿನಲ್ಲಿ ಕೂತಿರುತ್ತದೆ. ಅವನು ಸತ್ತರೂ ಅದು ಸಾಯುವುದಿಲ್ಲ. ಇನ್ನು ನನ್ನನ್ನು ಯಾವಾಗ ಬೇಕಾದರೂ ಕರಗಿಸಬಹುದು.